ಎನ್‌ಜಿಒ ಕೆಲಸಕ್ಕೆ ಒಳ್ಳೆ ಮನಸ್ಸು ಸಾಕಾ? ಕಲಿಸೋರು ಯಾರು?

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ. ಓದೋಕೆ ಅನುಕೂಲ ಆಗ್ಲಿ ಅಂತ ಉಪಶೀರ್ಷಿಕೆಗಳನ್ನು ಸೇರಿಸಲಾಗಿದೆ.)



ಇವತ್ತಿನ ಮಾತು ಎನ್‌ಜಿಒಗಳ ಬಗ್ಗೆ. ಅವು ಏನು ಒಳ್ಳೇದು ಮಾಡ್ತಿವೆ ಅನ್ನೋದರ ಬಗ್ಗೆ ಸಾಕಷ್ಟು ವಿಡಿಯೋ, ರೀಲ್ಸ್ ನೋಡಿರ್ತೀರಿ. ನಾನು ಮಾತಾಡೋದು ಅಲ್ಲಿ ಕೆಲಸ ಮಾಡೋರ ಬಗ್ಗೆ. ಅವರಿಗೆ ಆ ಕೆಲಸ ಕಲಿಸೋರು ಯಾರು, ಅದಕ್ಕೆ ದುಡ್ಡು ಕೊಡೋರು ಯಾರು, ಕಲಿಸದೇ ಇದ್ರೆ ಅದರ ಬೆಲೆ ಕಟ್ಟೋರು ಯಾರು? ಎಂಎಸ್‌ಡಬ್ಲ್ಯು ಮುಗಿಸಿ ಕೆಲಸ ಹುಡುಕ್ತಿರೋರು, ಬಿಕಾಂ ಮಾಡಿ ಟ್ರಸ್ಟ್ ಒಂದರಲ್ಲಿ ಅಕೌಂಟ್ಸ್ ನೋಡ್ಕೊಳ್ತಿರೋರು, ಫೆಲೋಶಿಪ್‌ಗೆ ಅರ್ಜಿ ಹಾಕಿರೋರು ಇದನ್ನ ಪೂರ್ತಿ ಕೇಳಿ.

ಮೊದಲು ಒಂದು ಸನ್ನಿವೇಶ ಊಹಿಸ್ಕೊಳ್ಳಿ.

ಇಪ್ಪತ್ಮೂರು ವರ್ಷದ ಹುಡುಗಿ. ಒಂದು ತಾಲ್ಲೂಕು ಕೇಂದ್ರದಲ್ಲಿ, ಶಾಲೆ ಬಿಟ್ಟ ಮೇಲೆ ಮಕ್ಕಳಿಗೆ ಪಾಠ ಹೇಳ್ಕೊಡೋ ಸಂಸ್ಥೆಗೆ ಸೇರಿದ್ದಾಳೆ. ಕೆಲಸಕ್ಕೆ ಸೇರಿ ಎರಡನೇ ವಾರ. ಸಂಜೆ ಎಲ್ಲ ಮಕ್ಕಳೂ ಹೋದ್ರು, ಒಬ್ಬಳು ಮಾತ್ರ ಬ್ಯಾಗ್ ಹಿಡ್ಕೊಂಡು ನಿಂತಿದ್ದಾಳೆ. "ಅಕ್ಕಾ, ಒಂದು ಮಾತು ಹೇಳ್ಬೇಕು, ಯಾರಿಗೂ ಹೇಳಬಾರ್ದು" ಅಂತ ಶುರು ಮಾಡ್ತಾಳೆ. ಮನೆಗೆ ಬರೋ ಒಬ್ಬ ಸಂಬಂಧಿ ತನ್ನ ಜೊತೆ ಹೇಗೆ ನಡ್ಕೊಳ್ತಾನೆ ಅಂತ ಹೇಳ್ತಾಳೆ.

ಆ ಅಕ್ಕ ಏನು ಮಾಡ್ಬೇಕು?

ನಮ್ಮಲ್ಲಿ ಬಹಳ ಜನ ಮಾಡೋದು ಇಷ್ಟು: "ಇಲ್ಲ ಪುಟ್ಟಾ, ಯಾರಿಗೂ ಹೇಳಲ್ಲ" ಅಂತ ಮಾತು ಕೊಡ್ತೀವಿ. ಆಮೇಲೆ ಪ್ರಶ್ನೆ ಮೇಲೆ ಪ್ರಶ್ನೆ. ಯಾವಾಗ, ಎಲ್ಲಿ, ಎಷ್ಟು ಸಲ? ಆಮೇಲೆ ತಾಯಿಗೆ ಫೋನು. ಪ್ರತಿಯೊಂದರ ಹಿಂದೆಯೂ ಕಾಳಜಿನೇ ಇದೆ. ಆದ್ರೆ ಮೂರೂ ತೊಂದರೆ ತರಬಹುದು.

ಯಾಕಂದ್ರೆ 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಮಗುವಿನ ಮೇಲೆ ಇಂಥ ಅಪರಾಧ ನಡೆದಿದೆ ಅಂತ ಗೊತ್ತಾದ ಯಾರೇ ಆಗ್ಲಿ, ವಿಶೇಷ ಬಾಲಾಪರಾಧಿ ಪೊಲೀಸ್ ಘಟಕಕ್ಕೋ ಸ್ಥಳೀಯ ಪೊಲೀಸರಿಗೋ ತಿಳಿಸಲೇಬೇಕು. ತಿಳಿಸದಿದ್ರೆ 21ನೇ ಸೆಕ್ಷನ್ ಪ್ರಕಾರ ಶಿಕ್ಷೆ ಇದೆ. ಸಂಸ್ಥೆಯ ಮುಖ್ಯಸ್ಥರು ವಿಷಯ ಮುಚ್ಚಿಟ್ರೆ ಶಿಕ್ಷೆ ಇನ್ನೂ ಜಾಸ್ತಿ, ಒಂದು ವರ್ಷದವರೆಗೂ ಜೈಲು. ಅಂದ್ರೆ "ಯಾರಿಗೂ ಹೇಳಲ್ಲ" ಅನ್ನೋದು ಆ ಹುಡುಗಿ ಉಳಿಸ್ಕೊಳ್ಳೋಕೆ ಆಗದ ಮಾತು. ಮಗು ಒಬ್ಬ ದೊಡ್ಡವರಿಂದ ಮೋಸ ಹೋಗಿ ಬಂದಿದೆ, ಈಗ ಇನ್ನೊಬ್ಬರು ಮಾತು ತಪ್ಪಿದ ಹಾಗಾಯ್ತು. ಪದೇಪದೇ ಪ್ರಶ್ನೆ ಕೇಳಿದ್ರೆ ಮಗು ಆ ನೋವನ್ನ ಮತ್ತೆ ಮತ್ತೆ ಅನುಭವಿಸುತ್ತೆ. ಆರೋಪಿ ಮನೆಗೆ ಹತ್ತಿರದವನೇ ಆಗಿದ್ರೆ, ಮನೆಗೆ ಮಾಡಿದ ಮೊದಲ ಫೋನ್ ಮಗುವಿನ ಬಾಯಿ ಮುಚ್ಚಿಸಿಬಿಡಬಹುದು.

ಅವಳಿಗೆ ಬೇಕಾಗಿದ್ದು ಅರ್ಧ ದಿನದ ಕಲಿಕೆ. ಸಮಾಧಾನವಾಗಿ ಕೇಳಿಸ್ಕೊ, ಗುಟ್ಟಾಗಿಡ್ತೀನಿ ಅಂತ ಮಾತು ಕೊಡಬೇಡ, ಮಗು ಹೇಳಿದ್ದನ್ನ ಅದರ ಮಾತಲ್ಲೇ ಬರ್ಕೊ, ಅವತ್ತೇ ಸಂಸ್ಥೆಯ ಜವಾಬ್ದಾರಿ ಹೊತ್ತವರಿಗೆ ಹೇಳು, 1098 ಮಕ್ಕಳ ಸಹಾಯವಾಣಿ ನಂಬರ್ ನೆನಪಿಟ್ಕೊ. ಇಷ್ಟೇ. ಆದ್ರೆ ಅವಳು ಸೇರಿದ ಮೊದಲ ದಿನ ಯಾರೋ ಹಾಜರಿ ಪುಸ್ತಕ ತೋರಿಸಿದ್ರು, ಆಪ್‌ನಲ್ಲಿ ಫೋಟೋ ಅಪ್‌ಲೋಡ್ ಮಾಡೋದು ಹೇಗೆ ಅಂತ ಹೇಳಿದ್ರು. ಇದನ್ನ ಹೇಳಿರ್ಲಿಲ್ಲ.

ಇವತ್ತಿನ ಸಂಚಿಕೆ ಅಷ್ಟನ್ನೂ ಇಟ್ಕೊಂಡಿರೋದು ಈ ಅರ್ಧ ದಿನದ ಸುತ್ತ. ಅದು ಯಾಕೆ ಸಿಗಲ್ಲ?

ತರಬೇತಿ ಯಾವ ಕಾಲಂನಲ್ಲಿ ಬರುತ್ತೆ?

ನಾನು ಕಾಮರ್ಸ್ ಓದಿದವನು, ಹಾಗಾಗಿ ಮೊದಲು ಬಜೆಟ್ ಶೀಟ್ ತೆಗೀತೀನಿ.

ಒಂದು ಎನ್‌ಜಿಒ ಕಂಪನಿಯಿಂದಲೋ ದಾನಿಗಳಿಂದಲೋ ಹಣ ಕೇಳುವಾಗ ಪ್ರಸ್ತಾವನೆ ಬರೆಯುತ್ತೆ. ಅದರಲ್ಲಿ ಸಾಮಾನ್ಯವಾಗಿ ಎರಡು ಭಾಗ. ಒಂದು ಕಾರ್ಯಕ್ರಮದ ಖರ್ಚು: ಪುಸ್ತಕ, ಟ್ಯಾಬ್, ಸಸಿ, ಆರೋಗ್ಯ ಶಿಬಿರ. ಇನ್ನೊಂದು ಆಡಳಿತ ವೆಚ್ಚ, ಅಂದ್ರೆ ಓವರ್‌ಹೆಡ್: ಬಾಡಿಗೆ, ಕರೆಂಟು, ಆಡಿಟ್. ಸಿಬ್ಬಂದಿ ತರಬೇತಿ ಬಹಳ ಸಲ ಈ ಎರಡನೇ ಭಾಗಕ್ಕೆ ಹೋಗಿ ಬೀಳುತ್ತೆ. ಈ ಎರಡನೇ ಭಾಗದ ಮೇಲೇನೇ ಎಲ್ಲರ ಕತ್ತರಿ. "ನಮ್ಮ ದುಡ್ಡೆಲ್ಲ ನೇರವಾಗಿ ಮಕ್ಕಳಿಗೇ ಹೋಗ್ಬೇಕು" ಅಂತಾರೆ ದಾನಿಗಳು. ಕೇಳೋಕೆ ಚೆನ್ನಾಗಿದೆ. ಆದ್ರೆ ದುಡ್ಡು ತಾನಾಗೇ ನಡ್ಕೊಂಡು ಮಕ್ಕಳ ಹತ್ರ ಹೋಗಲ್ಲ, ಯಾರೋ ಒಬ್ಬರು ತಗೊಂಡು ಹೋಗ್ಬೇಕು.

2009ರಲ್ಲಿ ಸ್ಟ್ಯಾನ್‌ಫರ್ಡ್ ಸೋಷಿಯಲ್ ಇನ್ನೊವೇಶನ್ ರಿವ್ಯೂ ಅನ್ನೋ ಪತ್ರಿಕೆಯಲ್ಲಿ ಇದಕ್ಕೊಂದು ಹೆಸರು ಬಂತು, 'ನಾನ್‌ಪ್ರಾಫಿಟ್ ಸ್ಟಾರ್ವೇಶನ್ ಸೈಕಲ್'. ನಮ್ಮ ಮಾತಲ್ಲಿ ಹೇಳೋದಾದ್ರೆ ಉಪವಾಸದ ಚಕ್ರ. ಓವರ್‌ಹೆಡ್ ತುಂಬಾ ಕಡಿಮೆ ಇರ್ಬೇಕು ಅಂತ ಹಣ ಕೊಡೋರು ಅಂದ್ಕೊಳ್ತಾರೆ. ಹಣ ತಪ್ಪಿಹೋಗುತ್ತೆ ಅಂತ ಹೆದರಿ ಸಂಸ್ಥೆಗಳು ಖರ್ಚು ಕಡಿತ ಮಾಡ್ತವೆ, ಕಾಗದದ ಮೇಲೆ ಇನ್ನೂ ಕಡಿಮೆ ತೋರಿಸ್ತವೆ. ಅದನ್ನ ನೋಡಿ ಹಣ ಕೊಡೋರು, "ನೋಡಿ, ಇಷ್ಟರಲ್ಲೇ ಆಗುತ್ತಲ್ವಾ" ಅಂತಾರೆ. ಮುಂದಿನ ವರ್ಷ ಮತ್ತೆ ಅದೇ ಕಥೆ.

ಇನ್ನು ಕಾನೂನು ಏನು ಹೇಳುತ್ತೆ ನೋಡೋಣ. ವಿದೇಶಿ ದೇಣಿಗೆಯ ಎಫ್‌ಸಿಆರ್‌ಎ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಆಯ್ತು. ಆಡಳಿತ ವೆಚ್ಚದ ಮಿತಿ 50%ನಿಂದ 20%ಗೆ ಇಳೀತು. ಜೊತೆಗೆ, ಒಂದು ಸಂಸ್ಥೆ ತನಗೆ ಬಂದ ವಿದೇಶಿ ಹಣವನ್ನ ಇನ್ನೊಂದು ಸಂಸ್ಥೆಗೆ ವರ್ಗಾಯಿಸೋ ಹಾಗಿಲ್ಲ ಅಂತಾಯ್ತು. ದೊಡ್ಡ ಸಂಸ್ಥೆಯೊಂದು ಹಳ್ಳಿ ಮಟ್ಟದ ಚಿಕ್ಕ ಸಂಸ್ಥೆಗೆ ಹಣ ಕೊಟ್ಟು, ಜೊತೆಗೆ ಲೆಕ್ಕ ಬರೆಯೋದು, ವರದಿ ಮಾಡೋದು ಕಲಿಸೋ ದಾರಿಯೊಂದು ಅಲ್ಲಿಗೆ ಮುಚ್ಚಿತು.

ಕಂಪನಿಗಳ ಸಿಎಸ್‌ಆರ್ ಬೇರೆ ಕಥೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ, ಅದರ ವ್ಯಾಪ್ತಿಗೆ ಬರೋ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ 2% ಸಮಾಜಕ್ಕೆ ಖರ್ಚು ಮಾಡ್ಬೇಕು. ಅದರ ನಿಯಮಗಳಲ್ಲಿ "ಆಡಳಿತ ವೆಚ್ಚ 5% ಮೀರಬಾರದು" ಅಂತಿದೆ. ಇದನ್ನ ಬಹಳ ಜನ ಎನ್‌ಜಿಒಗೆ ಹಾಕಿದ ಮಿತಿ ಅಂದ್ಕೊಂಡಿದ್ದಾರೆ. 2021ರ ತಿದ್ದುಪಡಿಯಲ್ಲಿರೋ ವ್ಯಾಖ್ಯೆ ಓದಿ: ಅದು ಕಂಪನಿ ತನ್ನೊಳಗೆ ಸಿಎಸ್‌ಆರ್ ಕೆಲಸ ನಿರ್ವಹಿಸೋಕೆ ಮಾಡೋ ಸಾಮಾನ್ಯ ಆಡಳಿತದ ಖರ್ಚು. ಒಂದು ನಿರ್ದಿಷ್ಟ ಯೋಜನೆಯನ್ನ ರೂಪಿಸೋಕೆ, ಜಾರಿ ಮಾಡೋಕೆ, ಉಸ್ತುವಾರಿಗೆ, ಮೌಲ್ಯಮಾಪನಕ್ಕೆ ನೇರವಾಗಿ ಆಗೋ ಖರ್ಚು ಅದರಲ್ಲಿ ಸೇರಲ್ಲ. ಹಾಗಾದ್ರೆ ಆ ಯೋಜನೆಯಲ್ಲಿ ಕೆಲಸ ಮಾಡೋ ಹುಡುಗ-ಹುಡುಗಿಯರಿಗೆ ಆ ಕೆಲಸ ಕಲಿಸೋ ಖರ್ಚನ್ನ ಯೋಜನೆಯ ಬಜೆಟ್‌ನಲ್ಲೇ ಬರೀಬಹುದಲ್ವಾ? ಬರೀರಿ, ಕೇಳಿ, ವಾದ ಮಾಡಿ. ಎನ್‌ಜಿಒದಲ್ಲಿ ಅಕೌಂಟ್ಸ್ ನೋಡ್ಕೊಳ್ತಿರೋ ನನ್ನ ಬಿಕಾಂ ಬಂಧುಗಳೇ, ಈ ಒಂದು ಸಾಲನ್ನ ಸರಿಯಾದ ಕಾಲಂಗೆ ತರೋದು ನಿಮ್ಮ ಕೈಲಿದೆ.

ಈಗ ಒಂದು ಚಿಕ್ಕ ಲೆಕ್ಕ. ಇದು ಉದಾಹರಣೆಗೆ ಅಂತ ನಾನೇ ಹಾಕ್ತಿರೋ ಸಂಖ್ಯೆ. ವರ್ಷಕ್ಕೆ 25 ಲಕ್ಷದ ಯೋಜನೆ, ಆರು ಜನ ಸಿಬ್ಬಂದಿ. ಒಬ್ಬರಿಗೆ 10,000 ರೂಪಾಯಿಯಂತೆ ತರಬೇತಿಗೆ 60,000. ಒಟ್ಟು ಬಜೆಟ್‌ನ 2.4%. "ಅಯ್ಯೋ ಜಾಸ್ತಿ ಆಯ್ತು" ಅಂತ ತೆಗೆದುಹಾಕಿದ್ರು ಅಂದ್ಕೊಳ್ಳಿ. ಏನೂ ಗೊತ್ತಾಗದೆ, ಬೈಸ್ಕೊಂಡು ಬೈಸ್ಕೊಂಡು ಇಬ್ಬರು ಕೆಲಸ ಬಿಟ್ರು. ಹೊಸಬರ ಸಂಬಳ ತಿಂಗಳಿಗೆ 18,000. ಊರು, ಜನ, ಕೆಲಸ ಅರ್ಥ ಆಗೋಕೆ ನಾಲ್ಕು ತಿಂಗಳು, ಆ ನಾಲ್ಕು ತಿಂಗಳು ಅರ್ಧ ಕೆಲಸ. ಒಬ್ಬರ ಲೆಕ್ಕದಲ್ಲಿ 36,000 ಹೋಯ್ತು, ಇಬ್ಬರದು 72,000. ಉಳಿಸಿದ್ದು 60,000. ಇನ್ನು, "ಹೋದ ಅಕ್ಕ ಎಲ್ಲಿ?" ಅಂತ ಕೇಳೋ ಮಕ್ಕಳನ್ನ ನಾನು ಲೆಕ್ಕಕ್ಕೇ ತಗೊಂಡಿಲ್ಲ.

ಹತ್ತು ಲಕ್ಷದಿಂದ ಏನಾಯ್ತು?

ಕಲಿಸೋಕೆ ಹಾಕಿದ ದುಡ್ಡಿಂದ ಏನು ಸಿಗುತ್ತೆ ಅಂತ ಕೇಳೋರಿಗೆ ನಮ್ಮ ರಾಜ್ಯದ್ದೇ ಒಂದು ಕಥೆ ಇದೆ. ನಿಮ್ಮ ಅಮ್ಮನೋ ಅತ್ತೆನೋ ಸ್ವಸಹಾಯ ಸಂಘದಲ್ಲಿ ಇದ್ರೆ, ಇದು ನಿಮ್ಮ ಮನೆ ಕಥೆನೂ ಹೌದು.

ಮೈರಾಡ ಅಂತ ಒಂದು ಸಂಸ್ಥೆ, 1968ರಲ್ಲಿ ಶುರುವಾಗಿದ್ದು. ಮೊದಲಿಗೆ ಟಿಬೆಟಿಯನ್ ನಿರಾಶ್ರಿತರ ಪುನರ್ವಸತಿ ಅದರ ಕೆಲಸ. ಆಮೇಲೆ ಗ್ರಾಮೀಣಾಭಿವೃದ್ಧಿಗೆ ಬಂತು. ಎಂಬತ್ತರ ದಶಕದ ಮಧ್ಯದಲ್ಲಿ, ಮೈರಾಡ ಕೆಲಸ ಮಾಡ್ತಿದ್ದ ಕಡೆ ದೊಡ್ಡ ಸಹಕಾರ ಸಂಘಗಳು ಮುರಿದುಬೀಳೋಕೆ ಶುರುವಾದ್ವು. ಸದಸ್ಯರಿಗೆ ನಾಯಕರ ಮೇಲೆ ನಂಬಿಕೆ ಹೋಗಿತ್ತು. ಆಗ ಜನ ಚಿಕ್ಕ ಚಿಕ್ಕ ಗುಂಪಾಗಿ ಬಂದು, "ಸಾಲನ ಸಂಘಕ್ಕೆ ಕಟ್ಟಲ್ಲ, ನಿಮಗೇ ಕಟ್ತೀವಿ" ಅಂದ್ರು. ಮೈರಾಡದವರು, "ನಮಗ್ಯಾಕೆ? ನಿಮ್ಮ ಗುಂಪಿಗೇ ಕಟ್ಕೊಳ್ಳಿ" ಅಂತ ಹೇಳಿದ್ರು. ಒಬ್ಬರನ್ನೊಬ್ಬರು ನಂಬೋ ಜನ ತಾವೇ ಆರಿಸ್ಕೊಂಡ ಗುಂಪುಗಳು ಅವು.

ನಂಬಿಕೆಯೇನೋ ಇತ್ತು. ಆದ್ರೆ ಸಭೆ ನಡೆಸೋದು ಹೇಗೆ, ಇವತ್ತು ಏನು ಚರ್ಚೆ ಅಂತ ಮೊದಲೇ ತೀರ್ಮಾನ ಮಾಡೋದು ಹೇಗೆ, ನಡಾವಳಿ ಬರೆಯೋದು, ಲೆಕ್ಕ ಇಡೋದು, ಐದು ಜನ ಸಾಲ ಕೇಳಿದಾಗ ಮೊದಲು ಯಾರಿಗೆ ಅಂತ ನಿರ್ಧರಿಸೋದು ಗೊತ್ತಿರ್ಲಿಲ್ಲ. ಸಂಸ್ಥೆಯ ಸಿಬ್ಬಂದಿ ಕೂತು ಅದನ್ನ ಕಲಿಸಿದ್ರು. ಹಾಗೆ ಕಲಿಸೋಕೆ ಅವರೇ ಮೊದಲು ಕಲೀಬೇಕಾಗಿತ್ತು. ಆಗ ಮೈರಾಡದ ಚುಕ್ಕಾಣಿ ಹಿಡಿದಿದ್ದವರು ಅಲೋಶಿಯಸ್ ಫರ್ನಾಂಡಿಸ್.

1986-87ರಲ್ಲಿ ನಬಾರ್ಡ್ ಈ ಪ್ರಯೋಗಕ್ಕೆ ಮೈರಾಡಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು. ಗುಂಪು ಗುರುತಿಸೋದು, ಅವುಗಳ ಸಾಮರ್ಥ್ಯ ಬೆಳೆಸೋದು, ಒಂದಷ್ಟು ಕಾಲ ಉಳಿತಾಯ ಮಾಡಿದ ಗುಂಪಿಗೆ ಅದರ ಉಳಿತಾಯಕ್ಕೆ ತಕ್ಕ ಹಣ ಸೇರಿಸೋದು ಅದರ ಉದ್ದೇಶ. 1992ರಲ್ಲಿ ಅದೇ ನಬಾರ್ಡ್ 500 ಗುಂಪುಗಳನ್ನ ಬ್ಯಾಂಕ್‌ಗೆ ಜೋಡಿಸೋ ಪ್ರಾಯೋಗಿಕ ಯೋಜನೆ ಶುರು ಮಾಡ್ತು. ಇವತ್ತು ದೇಶದಲ್ಲಿ ಕೋಟಿಗೂ ಹೆಚ್ಚು ಸ್ವಸಹಾಯ ಗುಂಪುಗಳಿವೆ. ಅದರ ಹಿಂದೆ ಬೇರೆ ಸಂಸ್ಥೆಗಳ, ಸರ್ಕಾರಗಳ ಶ್ರಮವೂ ಇದೆ, ಪೂರ್ತಿ ಕ್ರೆಡಿಟ್ ಒಬ್ಬರಿಗೇ ಕೊಡೋಕಾಗಲ್ಲ. ಆದ್ರೆ ಆ 10 ಲಕ್ಷದ ಪ್ರಸ್ತಾವನೆಯನ್ನ ಇವತ್ತು ಯಾರಾದ್ರೂ ಕಂಪನಿಗೆ ತಗೊಂಡು ಹೋದ್ರೆ ಏನಂತಾರೆ ಯೋಚನೆ ಮಾಡಿ. "ಸಭೆ ನಡೆಸೋದು, ಪುಸ್ತಕ ಬರೆಯೋದು ಕಲಿಸೋಕೆ ದುಡ್ಡಾ? ಫಲಾನುಭವಿ ಎಷ್ಟು ಜನ? ಫೋಟೋ ಎಲ್ಲಿ?"

ಬ್ಯಾಗು, ಪೆನ್ನು, ಗ್ರೂಪ್ ಫೋಟೋ

ಹಾಗಂತ ತರಬೇತಿ ಅಂದಿದ್ದೆಲ್ಲ ಒಳ್ಳೇದು ಅಂತಲ್ಲ. ನಿಮ್ಮಲ್ಲಿ ಕೆಲವರಿಗೆ ಈ ತರಬೇತಿಗಳ ಅನುಭವ ಆಗಿರುತ್ತೆ. ಹೋಟೆಲ್ ಹಾಲ್, ಎಸಿ, ಬ್ಯಾಗ್ ಒಂದು, ಪೆನ್ ಒಂದು, ನೋಟ್‌ಪ್ಯಾಡ್ ಒಂದು. ದೀಪ ಬೆಳಗಿಸೋಕೆ ಅರ್ಧ ಗಂಟೆ. ಇಂಗ್ಲಿಷ್ ಸ್ಲೈಡ್ ನಲವತ್ತು. ಮಧ್ಯಾಹ್ನ ಊಟ ಆದ್ಮೇಲೆ ಎಲ್ಲರನ್ನೂ ಎಬ್ಬಿಸಿ ನಿಲ್ಲಿಸಿ ಒಂದು ಆಟ. ಕೊನೆಗೆ ಸರ್ಟಿಫಿಕೇಟ್, ಗ್ರೂಪ್ ಫೋಟೋ. ಸೋಮವಾರ ಫೀಲ್ಡಿಗೆ ಹೋದ್ರೆ ಮತ್ತೆ ಅದೇ ಹಳೇ ಸಮಸ್ಯೆ.

ನಮ್ಮಲ್ಲಿ ಒಂದು ಗಾದೆ ಇದೆಯಲ್ಲ, ಕೋಣೆ ಕೂಸು ಕೊಳೀತು, ಓಣಿ ಕೂಸು ಬೆಳೀತು ಅಂತ. ಕೌಶಲ ಕೂಡ ಹಾಗೇನೇ. ಹಾಲ್‌ನಲ್ಲಿ ಕೇಳಿದ್ದು ಫೀಲ್ಡಲ್ಲಿ ಬಳಸದಿದ್ರೆ ಉಳಿಯಲ್ಲ. ಎಂಎಸ್‌ಡಬ್ಲ್ಯು ಮಾಡಿದವರಿಗೆ ಇದು ಗೊತ್ತು. ಅಲ್ಲಿ ಫೀಲ್ಡ್ ವರ್ಕ್ ಅಂತ ಇರುತ್ತೆ, ಹೋಗಿ ಬಂದು ವರದಿ ಬರೀತೀರಿ, ಮೇಷ್ಟ್ರು ಅದನ್ನ ಓದಿ, "ಇಲ್ಲಿ ಯಾಕೆ ಹೀಗೆ ಮಾಡ್ದೆ?" ಅಂತ ಕೇಳ್ತಾರೆ. ವಿಚಿತ್ರ ಅಂದ್ರೆ, ನಿಜವಾದ ಜವಾಬ್ದಾರಿ ಶುರುವಾಗೋದು ಕೆಲಸಕ್ಕೆ ಸೇರಿದ ಮೇಲೆ, ಸರಿಯಾಗಿ ಅದೇ ಹೊತ್ತಿಗೆ ಹಾಗೆ ಕೇಳೋರು ಇರಲ್ಲ.

ಕೆಲಸ ಮಾಡೋ ತರಬೇತಿ ಬಹಳ ಸರಳ. ಮೊದಲ ಹದಿನೈದು ದಿನ ಹಳಬರ ಜೊತೆ ಹೋಗಿ ನೋಡು. ಮುಂದಿನ ಹದಿನೈದು ದಿನ ನೀನು ಮಾಡು, ಅವರು ಪಕ್ಕದಲ್ಲಿ ಇರ್ತಾರೆ. ಆಮೇಲೆ ಒಬ್ಬಳೇ ಹೋಗು, ಆದ್ರೆ ವಾರಕ್ಕೊಂದು ಗಂಟೆ ಕೂತು ಮಾತಾಡೋಣ: ಏನಾಯ್ತು, ಎಲ್ಲಿ ಸಿಕ್ಕಿಹಾಕ್ಕೊಂಡೆ, ಯಾವ ಮನೆಯಿಂದ ಬಂದಾಗ ಮನಸ್ಸು ಭಾರ ಆಯ್ತು? ಇದಕ್ಕೆ ಹೋಟೆಲ್ ಬೇಡ. ಬೇಕಾಗಿರೋದು ಹಳಬರ ಸಮಯ. ಹಳಬರ ಕೆಲಸದ ಪಟ್ಟಿಯಲ್ಲಿ ಈ ಒಂದು ಗಂಟೆನ ಬರೀಬೇಕು, "ಟೈಮ್ ಸಿಕ್ಕಾಗ ಹೇಳ್ಕೊಡಿ" ಅಂದ್ರೆ ಆ ಟೈಮ್ ಯಾವತ್ತೂ ಸಿಗಲ್ಲ.

ಇನ್ನೊಂದು ಪ್ರಶ್ನೆ, ತರಬೇತಿಗೆ ಹೋಗೋರು ಯಾರು? ಸಾಮಾನ್ಯವಾಗಿ ಇಂಗ್ಲಿಷ್ ಬರೋರು. ಬೆಂಗಳೂರು, ದೆಹಲಿಯ ಕಾರ್ಯಾಗಾರಕ್ಕೆ ಸಂಸ್ಥಾಪಕರೋ ಪ್ರೋಗ್ರಾಂ ಮ್ಯಾನೇಜರೋ ಹೋಗ್ತಾರೆ. ಮನೆಮನೆಗೆ ಹೋಗೋ ಕಾರ್ಯಕರ್ತೆಗೆ ವಾಟ್ಸಾಪ್‌ನಲ್ಲಿ ಒಂದು ಪಿಡಿಎಫ್ ಬರುತ್ತೆ, ಅದೂ ಇಂಗ್ಲಿಷ್‌ನಲ್ಲಿ. ಜನರ ಮನೆ ಬಾಗಿಲಲ್ಲಿ ನಿಲ್ಲೋದು ಅವಳು. ಕನ್ನಡದಲ್ಲಿ ಒಳ್ಳೆ ತರಬೇತಿ ಸಾಮಗ್ರಿ ಮಾಡೋದೇ ಒಂದು ದೊಡ್ಡ ಕೆಲಸ. ಕನ್ನಡ ಚೆನ್ನಾಗಿ ಬರೆಯೋ, ಆಡಿಯೋ ಎಡಿಟ್ ಮಾಡೋಕೆ ಬರೋ ನಿಮ್ಮಂಥವರು ಕೈ ಹಾಕಬಹುದಾದ ಜಾಗ ಇದು.

ಕೆಲವು ಕಲಿಕೆಗೆ ಕಾನೂನೇ ಬೆನ್ನಿಗಿದೆ, ಗೊತ್ತಿರ್ಲಿ. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯೋ 2013ರ ಪಾಶ್ ಕಾಯ್ದೆ ಟ್ರಸ್ಟ್, ಸೊಸೈಟಿ, ಎನ್‌ಜಿಒ ಎಲ್ಲದಕ್ಕೂ ಅನ್ವಯ ಆಗುತ್ತೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡೋ ಕಡೆ ಆಂತರಿಕ ಸಮಿತಿ ಇರಲೇಬೇಕು. ಸಿಬ್ಬಂದಿಗೆ ಆಗಾಗ ಅರಿವು ಕಾರ್ಯಕ್ರಮ ಮಾಡೋದು ಉದ್ಯೋಗದಾತರ ಕರ್ತವ್ಯ ಅಂತ ಕಾಯ್ದೆಯಲ್ಲೇ ಬರೆದಿದೆ. ಸೇವೆ ಅನ್ನೋ ಹೆಸರು ಇದ್ದ ಮಾತ್ರಕ್ಕೆ ವಿನಾಯಿತಿ ಇಲ್ಲ.

ಮೇಲಿರೋರು ಕಲೀಬೇಕಾದ್ದು

ನಾಯಕರಿಗೂ ತರಬೇತಿ ಬೇಕು, ಬೇರೆ ಥರದ್ದು. ಹಳೇ ಸಂಸ್ಥೆಗಳಲ್ಲಿ ಎಲ್ಲವೂ ಒಬ್ಬರ ತಲೆಯಲ್ಲಿ ಇರುತ್ತೆ. ಚೆಕ್‌ಗೆ ಸಹಿ ಅವರದು, ದಾನಿಗಳಿಗೆ ಗೊತ್ತಿರೋದು ಅವರ ನಂಬರ್, ಡಿಸಿ ಆಫೀಸಲ್ಲಿ ಗುರುತು ಅವರದು. ಅವರು ಒಂದು ತಿಂಗಳು ಹುಷಾರು ತಪ್ಪಿದ್ರೆ ಸಂಸ್ಥೆನೇ ಮಲಗುತ್ತೆ.

ಅದೇ ಹೊತ್ತಿಗೆ ಸುತ್ತಲಿನ ನಿಯಮ ಬದಲಾಗ್ತಿದೆ. ಕಂಪನಿಗಳಿಂದ ಸಿಎಸ್‌ಆರ್ ಹಣ ಪಡೆದು ಯೋಜನೆ ಜಾರಿ ಮಾಡ್ಬೇಕು ಅಂದ್ರೆ 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ನೋಂದಣಿ ಬೇಕು. ಆದಾಯ ತೆರಿಗೆ ನೋಂದಣಿಯನ್ನ ಕಾಲಕಾಲಕ್ಕೆ ನವೀಕರಿಸಬೇಕು. ಸೋಷಿಯಲ್ ಸ್ಟಾಕ್ ಎಕ್ಸ್‌ಚೇಂಜ್ ಬಂದಿದೆ. 2023ರ ಡಿಸೆಂಬರ್‌ನಲ್ಲಿ ಎನ್‌ಎಸ್‌ಇಯಲ್ಲಿ ಮೊದಲು ಲಿಸ್ಟ್ ಆಗಿದ್ದು ನಮ್ಮ ಬೆಂಗಳೂರಿನ ಎಸ್‌ಜಿಬಿಎಸ್ ಉನ್ನತಿ ಫೌಂಡೇಶನ್. ಇದಕ್ಕೆಲ್ಲ ಲೆಕ್ಕ, ಕಾನೂನು, ಪರಿಣಾಮದ ವರದಿ ಗೊತ್ತಿರೋ ಎರಡನೇ ಸಾಲಿನ ಜನ ಬೇಕು. ಇವತ್ತು ಒಬ್ಬ ಜೂನಿಯರ್‌ನ ಆಡಿಟರ್ ಮೀಟಿಂಗ್‌ಗೆ ಕರ್ಕೊಂಡು ಹೋಗೋದು, ದಾನಿಗಳ ಫೋನ್ ಕರೆಯಲ್ಲಿ ಪಕ್ಕದಲ್ಲಿ ಕೂರಿಸ್ಕೊಳ್ಳೋದು, ಸಣ್ಣ ಮೊತ್ತದ ಖರ್ಚಿಗೆ ನಿರ್ಧಾರ ಬಿಟ್ಟುಕೊಡೋದು, ಇದೂ ತರಬೇತಿನೇ. ಹೇಳೋಕೆ ಸುಲಭ, ಬಿಟ್ಟುಕೊಡೋದು ಕಷ್ಟ.

ಔಪಚಾರಿಕವಾಗಿ ಕಲಿಯೋ ಜಾಗಗಳೂ ಇವೆ. ಗುಜರಾತಿನ ಆಣಂದ್‌ನಲ್ಲಿ ವರ್ಗೀಸ್ ಕುರಿಯನ್ 1979ರಲ್ಲಿ ಶುರು ಮಾಡಿದ ಇರ್ಮಾ ಗ್ರಾಮೀಣ ನಿರ್ವಹಣೆಯನ್ನ ಒಂದು ವೃತ್ತಿ ಅಂತ ಕಲಿಸಿದ ಸಂಸ್ಥೆ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಡೆವಲಪ್‌ಮೆಂಟ್ ವಿಷಯದಲ್ಲಿ ಎಂಎ ಇದೆ. ಮೈಸೂರಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್‌ನ ವಿ-ಲೀಡ್ ಇದೆ, ಹುಬ್ಬಳ್ಳಿಯಲ್ಲಿ ದೇಶಪಾಂಡೆ ಫೌಂಡೇಶನ್ ಇದೆ. ಫೀಸು, ಅರ್ಹತೆ, ವಿದ್ಯಾರ್ಥಿವೇತನ ವರ್ಷವರ್ಷಕ್ಕೂ ಬದಲಾಗುತ್ತೆ, ಅವರ ವೆಬ್‌ಸೈಟಲ್ಲೇ ನೋಡಿ.

ಇಂಟರ್‌ವ್ಯೂನಲ್ಲಿ ಕೇಳಿ

ನೀವು ಎನ್‌ಜಿಒ ಕೆಲಸಕ್ಕೆ ಹೋಗ್ತಿದ್ರೆ, ಇಂಟರ್‌ವ್ಯೂ ಕೊನೆಗೆ "ಏನಾದ್ರೂ ಪ್ರಶ್ನೆ ಇದೆಯಾ?" ಅಂತ ಕೇಳ್ತಾರಲ್ಲ, ಆಗ ಸುಮ್ಮನೆ ತಲೆ ಅಲ್ಲಾಡಿಸಬೇಡಿ. ಇವನ್ನ ಕೇಳಿ.

ಒಂದು: ಮೊದಲ ತಿಂಗಳು ನಾನು ಯಾರ ಜೊತೆ ಇರ್ತೀನಿ?

ಎರಡು: ಫೀಲ್ಡಲ್ಲಿ ತುರ್ತು ಏನಾದ್ರೂ ಆದ್ರೆ, ರಾತ್ರಿ ಎಂಟು ಗಂಟೆಗೆ ನಾನು ಫೋನ್ ಮಾಡ್ಬೇಕಾದ್ದು ಯಾರಿಗೆ?

ಮೂರು: ಮಕ್ಕಳ ರಕ್ಷಣಾ ನೀತಿ, ಆಂತರಿಕ ಸಮಿತಿ ಇದೆಯಾ? ಸಮಿತಿಯಲ್ಲಿ ಯಾರಿದ್ದಾರೆ?

ನಾಲ್ಕು: ಕಳೆದ ವರ್ಷ ಫೀಲ್ಡ್ ಸಿಬ್ಬಂದಿ ಏನು ಕಲಿತ್ರು? ಅದು ಕನ್ನಡದಲ್ಲಿತ್ತಾ?

ಐದು: ಇಲ್ಲಿ ಮೂರು ವರ್ಷ ಇದ್ದವರು ಈಗ ಯಾವ ಜವಾಬ್ದಾರಿಯಲ್ಲಿದ್ದಾರೆ?

ಐದಕ್ಕೂ ಪರಿಪೂರ್ಣ ಉತ್ತರ ಬರಲ್ಲ. ಚಿಕ್ಕ ಸಂಸ್ಥೆಗಳಿಗೆ ನಿಜವಾಗ್ಲೂ ದುಡ್ಡಿನ ಕಷ್ಟ ಇದೆ. "ಇದು ಇನ್ನೂ ಇಲ್ಲ, ಮಾಡ್ಬೇಕು ಅಂತಿದೀವಿ" ಅಂತ ಪ್ರಾಮಾಣಿಕವಾಗಿ ಹೇಳಿದ್ರೆ, ಆ ಜಾಗ ಸೇರೋಕೆ ಯೋಗ್ಯ ಇರಬಹುದು. "ಸೇವೆ ಮಾಡೋಕೆ ಬಂದಿದ್ದೀರಾ, ಪ್ರಶ್ನೆ ಕೇಳೋಕೆ ಬಂದಿದ್ದೀರಾ?" ಅಂತ ಕೇಳಿದ್ರೆ, ಬ್ಯಾಗ್ ತಗೊಂಡು ಎದ್ದು ಬನ್ನಿ.

ಇನ್ನು ಕಂಪನಿಯಲ್ಲಿ ಕೆಲಸ ಮಾಡ್ತಾ ದಾನ ಕೊಡೋರು, ಸಿಎಸ್‌ಆರ್ ಸಮಿತಿಗೆ ವಾಲಂಟಿಯರ್ ಆಗಿರೋರು ಇದನ್ನ ಕೇಳ್ತಿದ್ರೆ, ಒಂದೇ ವಿನಂತಿ. ಮುಂದಿನ ಸಲ ಬಜೆಟ್ ಶೀಟ್ ಬಂದಾಗ, "ಇದು ಯಾಕೆ ಇಷ್ಟು ಜಾಸ್ತಿ?" ಅಂತ ಕೇಳೋ ಮೊದಲು, "ನಿಮ್ಮ ಜನರಿಗೆ ಕಲಿಸೋಕೆ ಎಷ್ಟು ಇಟ್ಟಿದ್ದೀರಿ?" ಅಂತ ಕೇಳಿ. ಅಲ್ಲಿ ಸೊನ್ನೆ ಇದ್ರೆ, ಸೇರಿಸೋಕೆ ಹೇಳಿ.

ಎನ್‌ಜಿಒದಲ್ಲಿ ಕೆಲಸ ಮಾಡ್ತಿರೋರು, ನಿಮಗೆ ಸಿಕ್ಕ ಅತ್ಯುತ್ತಮ ಕಲಿಕೆ ಯಾವುದು, ಯಾರಿಂದ ಸಿಕ್ತು ಅಂತ ಒಂದು ನಿಮಿಷದ ವಾಯ್ಸ್ ನೋಟ್ ಕಳ್ಸಿ. ಸಂಸ್ಥೆ ಹೆಸರು ಬೇಕಿಲ್ಲ. ಆಯ್ದ ಕೆಲವನ್ನ ಮುಂದಿನ ಸಂಚಿಕೆಯಲ್ಲಿ ಕೇಳಿಸ್ತೀನಿ. ಅಲ್ಲೀವರೆಗೂ ಹುಷಾರಾಗಿರಿ. ನಮಸ್ಕಾರ.